ಎರಡೂ ಎಡಗೈ

ನಮ್ಮ ಅತ್ತಿಗೆಗೆ ನಾನಿಟ್ಟ ಅಡ್ಡಹೆಸರು 'ಬಿಡಬೇಕಲ್ಲ'. ಎದುರಿಗೆ ಹಾಗೆ ಕರೆದಿಲ್ಲ. ನಾದಿನಿಯಾದರೂ ನನಗೆ ಜೀವದ ಮೇಲೆ ಆಸೆ ಇದೆ. ಅಣ್ಣನ ಟೈಲರ್ ಅಂಗಡಿಯ ಮೂಲೆಯಲ್ಲಿ, ಒಂದು ಕಾಲು ಕುಂಟುವ ಸ್ಟೂಲಿನ ಮೇಲೆ ಕೂತು, ಇಪ್ಪತ್ತೆರಡು ವರ್ಷ ಗುಂಡಿಗಳಿಗೆ ಕಾಜಾ ಹಾಕಿದವಳು ಅವಳು.

"ನಾನ್ ಕತ್ತರಿ ಹಿಡಿದಿದ್ರೆ ಈ ಬೀದಿಯೋರು ಬೇರೆ ಅಂಗಡಿ ಮೆಟ್ಟಿಲು ಹತ್ತುತಿರ್ಲಿಲ್ಲ. ಏನ್ ಮಾಡೋದು, ನಿಮ್ಮಣ್ಣ ಬಿಡಬೇಕಲ್ಲ!"

ಸೈಕಲ್ ಕಲಿಯದಿದ್ದಕ್ಕೂ ಅಣ್ಣ ಕಾರಣ, ಕೂದಲು ಉದುರಿದ್ದಕ್ಕೂ ಅಣ್ಣನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅತ್ತಿಗೆಯ ಪಾಲಿಗೆ ಆ ನೆಲ ನಮ್ಮಣ್ಣ. ಅವನ ಬಾಯಲ್ಲೋ ಸದಾ ನಾಲ್ಕು ಗುಂಡುಸೂಜಿ. ಹೂಂ ಅನ್ನುವವನೂ ಅಲ್ಲ, ಉಹೂಂ ಅನ್ನುವವನೂ ಅಲ್ಲ.

ಒಂದು ದಿನ ಮಾಡಲು ಕೆಲಸವಿಲ್ಲದೆ ನಾನೇ ಕೇಳಿಬಿಟ್ಟೆ. "ಅಣ್ಣಾ, ಅತ್ತಿಗೆ ಕತ್ತರಿ ಹಿಡಿದ್ರೆ ನಿಂಗೇನು ಕಷ್ಟ?"

ಅಣ್ಣ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟ. "ನಾನ್ಯಾವಾಗ ಬೇಡ ಅಂದೆ? ಅವಳು ಕೇಳೇ ಇಲ್ವಲ್ಲ." ಕತ್ತರಿಯ ಹಿಡಿ ಅವಳತ್ತ ತಿರುಗಿಸಿ ಚಾಚಿದ.

ಅತ್ತಿಗೆಯ ಮುಖ ಹುಳ್ಳಗಾಯಿತು. ನನಗೆ ನಗು ತಡೆಯಲಾಗಲಿಲ್ಲ, ಆಮೇಲೆ ಪಾಪ ಅನ್ನಿಸಿತು. ಐವತ್ತರ ಹತ್ತಿರ ಇದ್ದೊಂದು ನೆಪವೂ ಕೈತಪ್ಪಿದರೆ ಹೆಂಗಸು ಏನು ಮಾಡಬೇಕು? ಬೆಳಕು ಸಾಲದು ಅಂದಳು. ಅಣ್ಣ ಬಲ್ಬ್ ಹಾಕಿಸಿದ. ಕನ್ನಡಕ ಹಳೆಯದು ಅಂದಳು, ಹೊಸದು ಬಂತು. ಕೊನೆಗೆ ನಮ್ಮ ಬೀದಿಯ ಶಾಲೆ ಮೇಷ್ಟ್ರ ಶರ್ಟಿನ ಬಟ್ಟೆ ಅವಳ ಮುಂದೆ ಬಂದು ಬಿತ್ತು. ಅವರು ನಿವೃತ್ತರಾಗುವ ದಿನ ತೊಡಲೆಂದು ಹೊಲಿಯಲು ಕೊಟ್ಟದ್ದು.

ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ. ಬಟ್ಟೆ ಕತ್ತರಿಸಿದವರು ಕಾಲರಿನ ಅಡಿಯಲ್ಲಿ ತಮ್ಮ ಬಣ್ಣದ ದಾರದಿಂದ ಒಂದು ಹೊಲಿಗೆ ಹಾಕಬೇಕು. ಕೆಟ್ಟರೆ ಯಾರ ಕೈಯಲ್ಲಿ ಕೆಟ್ಟಿತು ಅಂತ ಜಗಳವಿರಬಾರದು. ಅಣ್ಣನದು ನೀಲಿ.

"ನಿಮ್ಮ ನೀಲೀನೇ ಹಾಕ್ಲಾ?" ಅತ್ತಿಗೆ ಮೆಲ್ಲಗೆ ಕೇಳಿದಳು.

"ನಂದ್ಯಾಕೆ? ನಿಂದು ಹಾಕು."

ದಾರದ ಡಬ್ಬಿಯ ಮುಂದೆ ಅರ್ಧ ದಿನ ಕೂತು ಕೆಂಪು ಆರಿಸಿದಳು.

ನಿವೃತ್ತಿಯ ಹಿಂದಿನ ದಿನ ಬೆಳಿಗ್ಗೆ ಮೇಷ್ಟ್ರು ಬಂದು ಶರ್ಟ್ ತೊಟ್ಟರು. ಎಡಗೈ ಸಲೀಸಾಗಿ ಹೋಯಿತು. ಬಲಗೈ ತೋಳು ತಿರುಚಿಕೊಂಡು ಬೆನ್ನ ಕಡೆಗೆ ಎಳೆಯಿತು. ಎರಡನೇ ತೋಳು ಕತ್ತರಿಸುವಾಗ ಅತ್ತಿಗೆ ಬಟ್ಟೆ ಮಗುಚುವುದನ್ನೇ ಮರೆತಿದ್ದಳು. ಎರಡೂ ಎಡಗೈ! ಮೇಷ್ಟ್ರು ಕನ್ನಡಿಯ ಮುಂದೆ ಒಂದು ಸುತ್ತು ಸುತ್ತಿದರು, ತೋಳು ಸರಿಹೋಗಲಿಲ್ಲ.

ಅಣ್ಣ ಗಡಿಬಿಡಿಯಲ್ಲಿ ಸೂಜಿ ಉಗುಳಿದ. "ತಪ್ಪು ನಂದೇ ಮೇಷ್ಟ್ರೇ, ನಾನು ನೋಡಬೇಕಿತ್ತು..."

ಇಪ್ಪತ್ತೆರಡು ವರ್ಷದಿಂದ ಅತ್ತಿಗೆ ಅನ್ನುತ್ತಿದ್ದುದನ್ನು ಈಗ ಅವನೇ ಒಪ್ಪಿಕೊಂಡಿದ್ದ, ಅದೂ ಸಾಕ್ಷಿಗಳ ಮುಂದೆ. ಇನ್ನು ಇವಳನ್ನು ಹಿಡಿಯುವವರಿಲ್ಲ ಅಂದುಕೊಂಡೆ.

ಅತ್ತಿಗೆ ಸ್ಟೂಲಿನಿಂದ ಎದ್ದಳು. ಮೇಷ್ಟ್ರ ಕಾಲರ್ ಹಿಡಿದು ಮಗುಚಿ ಅಣ್ಣನಿಗೆ ತೋರಿಸಿದಳು.

"ಕಣ್ಣು ಕಾಣಲ್ವಾ ನಿಮಗೆ? ಕೆಂಪು ದಾರ! ಕತ್ತರಿಸಿದ್ದು ನಾನು, ಕೆಡಿಸಿದ್ದೂ ನಾನೇ. ಇದರಲ್ಲೂ ಪಾಲು ಕೇಳಕ್ಕೆ ಬಂದ್ರು!" ಮೇಷ್ಟ್ರ ಕಡೆ ತಿರುಗಿ, "ಮಿಕ್ಕ ಬಟ್ಟೆ ಇದೆ. ಸಂಜೆ ಬನ್ನಿ, ಬಲಗೈ ಕೊಡ್ತೀನಿ," ಅಂದಳು.

ಹೊಸ ಕನ್ನಡಕ ಏರಿಸಿಕೊಂಡು ಕತ್ತರಿ ಎತ್ತಿಕೊಂಡಳು. ಅವಳನ್ನು ಅಷ್ಟು ಖುಷಿಯಾಗಿ ನಾನು ಎಂದೂ ಕಂಡಿರಲಿಲ್ಲ.

ಅಣ್ಣ ಬಂದು ಖಾಲಿ ಸ್ಟೂಲಿನ ಮೇಲೆ ಕೂತ. ತೋಳು ಕತ್ತರಿಸಿಕೊಡಲೇ ಅಂತ ಕೇಳಲು ಬಾಯಿ ತೆರೆದ. ಅವಳು ಬಿಡಬೇಕಲ್ಲ!