ಎಂಟುನೂರ ನಲವತ್ತು ಗಂಟೆಗಳ ಆಟ

ಎರಕದ ಕಾರ್ಖಾನೆಯ ಉಜ್ಜುವ ವಿಭಾಗದಲ್ಲಿ ಹನ್ನೆರಡು ಜನ ಕೆಲಸ ಮಾಡುತ್ತಿದ್ದರು. ಅವರಲ್ಲಿ ಹಿರಿಯನನ್ನು ಎಲ್ಲರೂ ಸಾಣೆಯಣ್ಣ ಅನ್ನುತ್ತಿದ್ದರು. ಅಚ್ಚಿನಿಂದ ಹೊರಬಂದ ಪಂಪಿನ ಕವಚಗಳ ಅಂಚಿನಲ್ಲಿ ಕಬ್ಬಿಣದ ಮುಳ್ಳು ಉಳಿದಿರುತ್ತದೆ. ಏಳು ಕಿಲೋ ತೂಕದ ಗ್ರೈಂಡರನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಆ ಮುಳ್ಳನ್ನು ತೆಗೆಯಬೇಕು. ದಿನಕ್ಕೆ ಎಂಟು ಗಂಟೆ, ಇಪ್ಪತ್ತೆಂಟು ವರ್ಷ. ಅವನು ಉಜ್ಜಿದ ಅಂಚಿನ ಮೇಲೆ ರೇಷ್ಮೆ ಎಳೆದರೂ ಒಂದು ಎಳೆಯೂ ಕಿತ್ತುಬರುವುದಿಲ್ಲ ಎಂದು ಹಿಂದಿನ ಫೋರ್‌ಮನ್ ಹೇಳಿದ್ದರು. ಆ ಮಾತನ್ನು ಸಾಣೆಯಣ್ಣ ಮದುವೆ ಮನೆಯಲ್ಲೂ ಹೇಳಿಕೊಂಡಿದ್ದ, ಸಾವಿನ ಮನೆಯಲ್ಲೂ ಹೇಳಿಕೊಂಡಿದ್ದ. ಅವನ ಹತ್ತಿರ ಹೇಳಿಕೊಳ್ಳಲು ಬೇರೇನೂ ಇರಲಿಲ್ಲ.

ಗ್ರೈಂಡರ್ ಸುಮ್ಮನೆ ತಿರುಗುವುದಿಲ್ಲ, ನಡುಗುತ್ತದೆ. ಆ ನಡುಕ ಹಿಡಿಕೆಯಿಂದ ಅಂಗೈಗೆ, ಅಂಗೈಯಿಂದ ಮೊಣಕೈಗೆ ಹತ್ತುತ್ತದೆ. ಮೊದಮೊದಲು ಊಟಕ್ಕೆ ಕೂತಾಗ ಬೆರಳು ಜುಮ್ಮೆನ್ನುತ್ತದೆ. ಆಮೇಲೆ ಚಳಿಯ ಬೆಳಿಗ್ಗೆ ನಲ್ಲಿ ನೀರು ಮುಟ್ಟಿದರೆ ಬೆರಳ ತುದಿ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಕೊನೆಗೆ ಅಂಗಿಯ ಗುಂಡಿ ಹಾಕಲು ಬರುವುದಿಲ್ಲ. ನಡುಕ ನುಂಗುವ ರಬ್ಬರ್ ಹಿಡಿಕೆಯ ಗ್ರೈಂಡರ್ ಮಾರುಕಟ್ಟೆಯಲ್ಲಿ ಎಷ್ಟೋ ವರ್ಷದಿಂದ ಸಿಗುತ್ತಿದೆ. ಅಷ್ಟು ವರ್ಷಗಳಲ್ಲಿ ಕಾರ್ಖಾನೆಯ ಸ್ವಾಗತ ಕೋಣೆಯ ಸೋಫಾ ಮೂರು ಸಲ ಬದಲಾಯಿತು, ಹಿಡಿಕೆ ಬದಲಾಗಲಿಲ್ಲ. ಬಂದು ಕೂರುವವರ ಅಂಡಿಗಿದ್ದ ಮರ್ಯಾದೆ ನಿಂತು ದುಡಿಯುವವರ ಕೈಗೆ ಇರಲಿಲ್ಲ.

ವಿಡಿಯೊ ಆಟ ಮನೆಗೆ ಬಂದದ್ದು ಅಳಿಯನಿಂದ. ಅವನು ಹೊಸ ಯಂತ್ರ ಕೊಂಡು, ಹಳೆಯದನ್ನು ಮಾವನ ಟೀವಿಗೆ ಸಿಕ್ಕಿಸಿ ಹೋದ. ಒಳಗಿದ್ದದ್ದು ಒಂದೇ ಆಟ, ಆದರೆ ಆ ಒಂದರೊಳಗೆ ಇಡೀ ರಾಜ್ಯವಿತ್ತು. ಒಂಬತ್ತು ಪಟ್ಟಣ, ಜೌಗು ನೆಲ, ಹಿಮದ ಗುಡ್ಡ, ನದಿ. ಅಲ್ಲಿ ಕತ್ತಿ ಕಟ್ಟಿಕೊಂಡ ಒಬ್ಬ ಅಲೆಮಾರಿ. ಅವನನ್ನು ಎಲ್ಲಿಗೆ ಬೇಕಾದರೂ ನಡೆಸಬಹುದು, ಗಿಡಮೂಲಿಕೆ ಕೀಳಿಸಬಹುದು, ಯಾರ ಜಗಳಕ್ಕಾದರೂ ತಲೆ ಹಾಕಿಸಬಹುದು. ಸೆರೆಯಲ್ಲಿರುವ ರಾಜನ ಮಗಳನ್ನು ಬಿಡಿಸುವುದೇ ಅವನ ದೊಡ್ಡ ಕೆಲಸ. ಅದಕ್ಕೇನೂ ಅವಸರವಿಲ್ಲ. ಎಷ್ಟು ತಡ ಮಾಡಿದರೂ ಅವಳು ಕಾಯುತ್ತಾಳೆ. ಇಪ್ಪತ್ತೆಂಟು ವರ್ಷ ಧೂಳು ಹಿಡಿದ ಕನ್ನಡಕದೊಳಗಿಂದ ಒಂದು ಮೊಳ ದೂರದ ಕಿಡಿಗಳನ್ನಷ್ಟೇ ನೋಡಿದ್ದ ಮನುಷ್ಯ, ಬೆಟ್ಟದ ಸಾಲಿನ ಹಿಂದೆ ಇನ್ನೊಂದು ಬೆಟ್ಟದ ಸಾಲು ಕಂಡು ಕೇಳಿದ: “ಅಲ್ಲಿಗೂ ಹೋಗಬಹುದಾ?”

“ಕಾಣೋದೆಲ್ಲ ಹೋಗೋದಕ್ಕೇ ಇರೋದು ಮಾವ,” ಅಂದ ಅಳಿಯ.

ಆಡಲು ಹಿಡಿಯುವ ಸಾಧನಕ್ಕೆ ತಿಳಿದವರು ಕಂಟ್ರೋಲರ್ ಅನ್ನುತ್ತಾರೆ. ಆ ಮನೆಯಲ್ಲಿ ಅದು ರಿಮೋಟು. ಮೊದಲ ದಿನವೇ ತೋಳವೊಂದು ಅಲೆಮಾರಿಯ ಮೇಲೆ ಎಗರಿತು. ಏಟು ಬಿದ್ದದ್ದು ಆಡುವವರಿಗೆ ತಿಳಿಯಲೆಂದು ರಿಮೋಟು ಕೈಯೊಳಗೆ ನಡುಗಿತು. ಸಾಣೆಯಣ್ಣ ಹಾವು ಮುಟ್ಟಿದವನಂತೆ ಅದನ್ನು ಎಸೆದುಬಿಟ್ಟ. ಪಕ್ಕದಲ್ಲಿ ಹೊಲಿಯುತ್ತಿದ್ದ ಹೆಂಡತಿ ಯಂತ್ರ ನಿಲ್ಲಿಸಿ ತಿರುಗಿದಳು. ಶಾಲೆಯ ಅಂಗಿಗಳಿಗೆ ಕಾಜ ಹೊಲಿದು ಗುಂಡಿ ಹಚ್ಚುವುದು ಅವಳ ಕಸುಬು.

“ಏನ್ರೀ ಆಯ್ತು?”

“ಇಲ್ಲೂ ಅದೇ ನಡುಕ ಕಣೇ.”

ಅವಳು ಅಳಿಯನಿಗೆ ಫೋನ್ ಮಾಡಿ ಕೇಳಿಕೊಂಡು ಸೆಟ್ಟಿಂಗಿನಲ್ಲಿ ನಡುಕವನ್ನು ಆಫ್ ಮಾಡಿದಳು. ಆದರೂ ಆಗಲಿಲ್ಲ. ಬೆರಳಿನ ಕೆಳಗೆ ಗುಂಡಿ ಇದೆಯೋ ಇಲ್ಲವೋ ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಅಲೆಮಾರಿ ಗೋಡೆಗೆ ಮುಖ ಕೊಟ್ಟು ನಡೆಯುತ್ತಲೇ ಇದ್ದ. ನಾಲ್ಕನೆಯ ದಿನ ಅವಳು ರಿಮೋಟನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. “ದಾರಿ ನೀವು ಹೇಳಿ. ನಾನು ಒತ್ತುತೀನಿ.”

ಅಲ್ಲಿಂದ ಕಣ್ಣು ಅವನದು, ಕೈ ಅವಳದು. ಸಂಜೆ ಆರಕ್ಕೆ ಇಬ್ಬರೂ ಚಾಪೆಯ ಮೇಲೆ ಕೂರುತ್ತಿದ್ದರು. ಜಗಳಕ್ಕೆ ಬರವಿರಲಿಲ್ಲ.

“ಎಡಕ್ಕೆ. ಎಡಕ್ಕೆ ಅಂದ್ರೆ ಎಡಕ್ಕೆ! ಆ ಗುಡ್ಡದ ಬೆನ್ನ ಹಿಂದೆ ಏನಿದೆ ನೋಡೋಣ.”

“ಆ ರಾಜನ ಮಗಳು ಕತ್ತಲೆಕೋಣೇಲಿ ಕೂತು ಎರಡು ತಿಂಗಳಾಯ್ತು. ನಿಮಗೆ ಗುಡ್ಡದ ಬೆನ್ನು ಬೇಕು.”

“ಅವಳೆಲ್ಲಿಗೂ ಹೋಗಲ್ಲ ಬಿಡು.”

“ಅಯ್ಯೋ, ಹೋಗೋಕಾಗಲ್ಲ ಅಂತಾನೇ ಅಲ್ವೇನ್ರೀ ಬಿಡಿಸೋದು!”

ಹಗಲಿನಲ್ಲೂ ಅವಳು ಆಟವನ್ನು ಆಫ್ ಮಾಡುತ್ತಿರಲಿಲ್ಲ. ಅಲೆಮಾರಿಯನ್ನು ನದಿಯ ದಂಡೆಯಲ್ಲಿ ನಿಲ್ಲಿಸಿ, ನೀರಿನ ಸದ್ದು ಕೇಳುತ್ತ ಕಾಜ ಹೊಲಿಯುತ್ತಿದ್ದಳು. ಆಳು ನಿಂತಿದ್ದರೂ ಆಟದ ಗಡಿಯಾರ ಓಡುತ್ತಲೇ ಇರುತ್ತದೆಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಗುಡ್ಡದ ದೈತ್ಯನನ್ನು ಕೆಡವಿದ ಭಾನುವಾರ ಸಾಣೆಯಣ್ಣನಿಗೆ ತಡೆಯಲಾಗಲಿಲ್ಲ. ಪರದೆಯ ಮೇಲೆ ಸತ್ತುಬಿದ್ದ ದೈತ್ಯ, ಮೂಲೆಯಲ್ಲಿ ‘ಆಡಿದ ಸಮಯ: 840 ಗಂಟೆ’. ಅದರ ಫೋಟೋ ಹೊಡೆದು ವಿಭಾಗದ ವಾಟ್ಸಾಪ್ ಗುಂಪಿಗೆ ಹಾಕಲು ಹೆಂಡತಿಗೆ ಹೇಳಿದ. ಟೈಪು ಮಾಡಿದವಳೂ ಅವಳೇ. ‘ದೈತ್ಯ ಖಲಾಸ್. ಇದು ನಿಮ್ಮಣ್ಣನ ಕೈಚಳಕ’ ಎಂದು ಅವನು ಬರೆಸಿದಾಗ ಅವಳು ಕನ್ನಡಕದ ಮೇಲಿಂದ ಒಮ್ಮೆ ಅವನನ್ನು ನೋಡಿದಳು. ಹೇಳಿದ್ದನ್ನೇ ಟೈಪು ಮಾಡಿದಳು.

ಸುಳ್ಳು ಯಾಕೆ ಬೇಕಿತ್ತು ಎಂದು ಕೇಳುವುದು ಸುಲಭ. ಆಟ ಹೆಂಡತಿಯದು ಎಂದು ಹೇಳಿದರೆ, ನಿನ್ನ ಕೈಗೇನಾಗಿದೆ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಕೈ ಹೋದ ಗ್ರೈಂಡರಿನವನು ಅಂದರೆ ಕಂಠ ಹೋದ ಹಾಡುಗಾರ. ಅದನ್ನು ಅವನು ನಾಲ್ಕು ವರ್ಷದಿಂದ ಅಂಗಿ ತೋಳಿನೊಳಗೆ ಮುಚ್ಚಿಟ್ಟುಕೊಂಡಿದ್ದ. ಗುಂಡಿ ಹಾಕುವಾಗ ಗೋಡೆಗೆ ತಿರುಗುತ್ತಿದ್ದ. ಚಹಾದ ಲೋಟವನ್ನು ಎರಡು ಅಂಗೈ ನಡುವೆ ಒತ್ತಿ ಎತ್ತುತ್ತಿದ್ದ.

ಎರಡು ತಿಂಗಳ ಮೇಲೆ ಕಾರ್ಖಾನೆಗೆ ಹೊಸ ಡಾಕ್ಟರಮ್ಮ ಬಂದರು. ವರ್ಷದ ತಪಾಸಣೆಯಲ್ಲಿ ಹಳೆಯ ಡಾಕ್ಟರು ಕಣ್ಣು, ಎದೆ ನೋಡಿ ಕಳಿಸುತ್ತಿದ್ದರು. ಈಕೆ “ಕೈ ಚಾಚಿ” ಅಂದರು. ಬಿಳಿಚಿದ ಆರು ಬೆರಳು ಕಂಡವು. ಅವತ್ತೇ ಕಾಯಿಲೆಯ ಫಾರಂ ಹೊರಟಿತು. ಫಾರಮ್ಮಿನಲ್ಲಿ ‘ಬೇನೆಗೆ ಕಾರಣ’ ಎಂಬಲ್ಲಿ ಎರಡು ಚೌಕ: ಒಂದು ‘ಕೆಲಸ’, ಇನ್ನೊಂದು ‘ಸ್ವಂತ’.

ಸಿಬ್ಬಂದಿ ಅಧಿಕಾರಿ ಅವನನ್ನು ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ದೈತ್ಯನ ಫೋಟೋದ ಬಣ್ಣದ ಪ್ರಿಂಟು ಇತ್ತು. ಗುಂಪಿನಿಂದ ಯಾರೋ ದಾಟಿಸಿದ್ದರು.

“ಎಂಟುನೂರ ನಲವತ್ತು ಗಂಟೆ! ಪಾಪ, ನಮ್ಮ ಗ್ರೈಂಡರ್ ಏನ್ ಮಾಡ್ತು ಸಾಣೆಯಣ್ಣ? ಈ ಕಂಟ್ರೋಲರೂ ನಡುಗುತ್ತಂತೆ. ನಾನು ನೆಟ್ಟಲ್ಲಿ ಓದಿದೆ.”

ಅಧಿಕಾರಿ ಫಾರಮ್ಮನ್ನು ಅವನ ಮುಂದೆ ಸರಿಸಿದರು.

“ನೋಡಿ, ನಿಮ್ಮ ಮೇಲೆ ನಂಗೇನೂ ಕೋಪ ಇಲ್ಲ. ‘ಸ್ವಂತ’ ಅಂತ ಗುರುತು ಹಾಕಿ. ನಾಳೆಯಿಂದ ಗೇಟಿನ ಹತ್ತಿರ ಫ್ಯಾನಿನ ಕೆಳಗೆ ಕೂತ್ಕೊಳ್ಳಿ. ಗೌರವವಾಗಿ ಮುಗಿದುಹೋಗುತ್ತೆ. ಇಲ್ಲಾಂದ್ರೆ ಶುಕ್ರವಾರ ಸಮಿತಿ. ನಾನು, ಡಾಕ್ಟರು, ನಿಮ್ಮ ಸಂಘದ ಕಾರ್ಯದರ್ಶಿ. ಎಲ್ಲರ ಎದುರು ಈ ಫೋಟೋ ಇಡಬೇಕಾಗುತ್ತೆ.”

ಹೊರಗೆ ಬಂದಾಗ ಡಾಕ್ಟರಮ್ಮ ಮೆಟ್ಟಿಲ ಬಳಿ ನಿಂತಿದ್ದರು. ಅವರು ಸುತ್ತಿ ಬಳಸಿ ಮಾತಾಡಲಿಲ್ಲ. “ನಿಮ್ಮ ಹೆಸರಲ್ಲಿ ‘ಕೆಲಸ’ ಅಂತ ದಾಖಲಾದ್ರೆ ಉಳಿದ ಹನ್ನೊಂದು ಜನರ ಕೈಯನ್ನೂ ಪರೀಕ್ಷೆ ಮಾಡಲೇಬೇಕು, ನಿಯಮ ಇದೆ. ಗ್ರೈಂಡರನ್ನೂ ಬದಲಾಯಿಸಬೇಕಾಗುತ್ತೆ. ‘ಸ್ವಂತ’ ಅಂದ್ರೆ ನಾನು ಯಾರನ್ನೂ ಮುಟ್ಟೋ ಹಾಗಿಲ್ಲ.”

ಆ ಸಂಜೆ ಟೀವಿ ಹಾಕಲಿಲ್ಲ. ಅವನು ಎಲ್ಲವನ್ನೂ ಹೇಳಿದ. ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಳು.

“ಆಟ ನಂದಲ್ಲ ಅಂತ ಹೇಳಿದ್ರೆ ಪ್ರಾಣ ಹೋಗುತ್ತೇನ್ರೀ?”

“ನಗ್ತಾರೆ ಕಣೇ. ಸಾಯೋತನಕ ನಗ್ತಾರೆ.”

“ನಗಲಿ. ನಕ್ಕರೆ ಅವರ ಹಲ್ಲು ಕಾಣುತ್ತೆ, ನಿಮ್ಮ ಬೆರಳು ಉದುರಲ್ಲ.”

“ಗೇಟಲ್ಲಿ ಕೂತ್ಕೊಂಡ್ರೆ ನನ್ನ ಪಾಡಿಗೆ ನಾನಿರ್ತೀನಿ.”

“ಹ್ಞೂಂ. ಆ ಹನ್ನೊಂದು ಜನ ದಿನಾ ಬೆಳಿಗ್ಗೆ ಅದೇ ಗೇಟಲ್ಲೇ ಒಳಗೆ ಹೋಗ್ತಾರೆ. ಒಬ್ಬೊಬ್ಬರ ಹೆಸರನ್ನೂ ನೀವೇ ಬರ್ಕೊಳ್ಳಿ.”

ಅವನು ಊಟಕ್ಕೆ ಏಳಲಿಲ್ಲ. ಅವಳೂ ಕರೆಯಲಿಲ್ಲ.

ಶುಕ್ರವಾರ ಸಮಿತಿಯ ಕೋಣೆಗೆ ಗಂಡನ ಹಿಂದೆ ಹೆಂಡತಿಯೂ ಬಂದಳು. ಕೈಯಲ್ಲಿ ಸಮವಸ್ತ್ರದ ಬಟ್ಟೆಯಿಂದ ಹೊಲಿದ ಚೀಲ, ಚೀಲದಲ್ಲಿ ಆಟದ ಯಂತ್ರ. ಸುರಕ್ಷತೆಯ ಸಿನಿಮಾ ತೋರಿಸಲೆಂದು ಅಲ್ಲಿ ಗೋಡೆಗೆ ದೊಡ್ಡ ಟೀವಿ ಹಾಕಿದ್ದರು. ‘ಯಂತ್ರ ನಮ್ಮ ಮಿತ್ರ’ ಎಂಬ ಬರಹ ಅದರ ತಲೆಯ ಮೇಲೆಯೇ ಇತ್ತು. ಅಧಿಕಾರಿ ಫೋಟೋ ಎತ್ತಿ ತೋರಿಸಿದರು. ಸಾಣೆಯಣ್ಣ ಎದ್ದು ನಿಂತ.

“ಆಟ ನಾನು ಆಡಲ್ಲ ಸಾರ್. ಇವಳು ಆಡ್ತಾಳೆ. ನನ್ನ ಕೈಲಾಗಲ್ಲ.”

ಸಂಘದ ಕಾರ್ಯದರ್ಶಿಯ ಮೀಸೆ ಅಲ್ಲಾಡಿತು. ಚಹಾ ಹೊತ್ತಿಗೆ ಇದು ಇಡೀ ಕಾರ್ಖಾನೆಗೆ ಗೊತ್ತಾಗುತ್ತದೆಂದು ಸಾಣೆಯಣ್ಣನಿಗೆ ತಿಳಿಯಿತು.

“ಚೆನ್ನಾಗಿದೆ,” ಅಂದರು ಅಧಿಕಾರಿ. “ಮೊನ್ನೆ ಕೈಚಳಕ, ಇವತ್ತು ಕೈಲಾಗಲ್ಲ. ಹಾಗಾದ್ರೆ ಇಲ್ಲಿ ಬರೆದಿರೋದು?”

“ಸುಳ್ಳು ಸಾರ್.”

ಹೆಂಡತಿ ತಂತಿ ಸಿಕ್ಕಿಸಿ ಸೆಟ್ಟಿಂಗು ತೋರಿಸಿದಳು. ನಡುಕ ಆಫ್ ಆಗಿತ್ತು. “ನಿನ್ನೆ ಆಫ್ ಮಾಡಿರಬಹುದಲ್ಲ,” ಅಂದರು ಅಧಿಕಾರಿ. ಡಾಕ್ಟರಮ್ಮ ರಿಮೋಟನ್ನು ಸಾಣೆಯಣ್ಣನಿಗೆ ಕೊಡಿಸಿದರು. ಅಲೆಮಾರಿ ಎರಡು ಹೆಜ್ಜೆ ನಡೆದು ಮರಕ್ಕೆ ಮುಖ ಒತ್ತಿ ನಿಂತ. ರಿಮೋಟು ಜಾರಿ ನೆಲಕ್ಕೆ ಬಿತ್ತು. “ನಟನೆ,” ಅಂದರು ಅಧಿಕಾರಿ. ಬಿದ್ದದ್ದನ್ನು ಹೆಂಡತಿ ಎತ್ತಿಕೊಂಡಳು. ಅಷ್ಟರಲ್ಲಿ ಪೊದೆಯಿಂದ ಕಾಡುಹಂದಿಯೊಂದು ನುಗ್ಗಿಬಂತು.

“ಹಿಂದೆ, ಹಿಂದೆ! ಬಂಡೆ ಹತ್ತೇ!”

“ಹತ್ತುತಾ ಇದೀನಿ, ಕಿರುಚಬೇಡ್ರೀ.”

“ಬಲಗಡೆ ಇನ್ನೊಂದು ಬಂತು. ಕತ್ತಿ ಬೇಡ, ಬೆಂಕಿ ಬಾಣ! ಬೆಂಕಿ ಬಾಣ ಇತ್ತಲ್ಲ?”

“ನೀವೇ ಮೊನ್ನೆ ಬಾತುಕೋಳಿಗೆ ಹೊಡೆಸಿ ಖಾಲಿ ಮಾಡಿಸಿದ್ರಿ.”

“ಹಾಗಾದ್ರೆ ಓಡು. ಕೆಳಗೆ ಹಳ್ಳ ಇದೆ, ಈಗ ಕಾಣಲ್ಲ, ಮರ ದಾಟಿದ ಮೇಲೆ ಕಾಣುತ್ತೆ. ಹಾರು... ಈಗ! ಹಾರು ಅಂದೆ!”

ಅವಳು ಹಾರಿಸಿದಳು. ಹಂದಿಗಳು ದಂಡೆಯ ಮೇಲೆ ಉಳಿದವು. ಅವಳ ಹೆಬ್ಬೆರಳುಗಳು ಒಂದು ಕ್ಷಣವೂ ನಿಂತಿರಲಿಲ್ಲ. ಅವನ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ತಾವು ಎಲ್ಲಿ ಕೂತಿದ್ದೇವೆ ಎಂಬುದೇ ಇಬ್ಬರಿಗೂ ಮರೆತುಹೋಗಿತ್ತು. ಕೋಣೆಯಲ್ಲಿ ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಗೊತ್ತಾದ ಮೇಲೆ ಅವಳು ರಿಮೋಟು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

“ಇದನ್ನ ನಟಿಸಬೇಕಾದ್ರೂ ಇವರಿಗೆ ಎಂಟುನೂರ ನಲವತ್ತು ಗಂಟೆ ಬೇಕು ಸಾರ್,” ಎಂದು ಡಾಕ್ಟರಮ್ಮ ‘ಕೆಲಸ’ ಎಂಬ ಚೌಕಕ್ಕೆ ಗುರುತು ಹಾಕಿದರು. ಕಾರ್ಯದರ್ಶಿ ಅದರ ಕೆಳಗೆ ಸಹಿ ಹಾಕಿದ. ಅಧಿಕಾರಿ ಕಿಟಕಿಯ ಕಡೆ ನೋಡುತ್ತ ಕೂತು, ಕೊನೆಗೆ ಅವರೂ ಹಾಕಿದರು.

ಸಾಣೆಯಣ್ಣನನ್ನು ಸಾಮಾನು ಕೊಡುವ ಕಿಟಕಿಯ ಕೆಲಸಕ್ಕೆ ಹಾಕಿದರು. ಅವನು ಹೆದರಿದಂತೆಯೇ ನಗು ಬಂತು. “ಅತ್ತಿಗೆ ಇವತ್ತು ಯಾರನ್ನ ಕೊಂದ್ರು ಅಣ್ಣಾ?” “ಅಣ್ಣಂದು ಬರೀ ಕಾಮೆಂಟ್ರಿ ಕಣ್ರೋ!” ಎಲ್ಲರಿಗಿಂತ ಜೋರಾಗಿ ನಕ್ಕವನು ಕುಳ್ಳ, ವಿಭಾಗದಲ್ಲಿ ಸಾಣೆಯಣ್ಣನ ಪಕ್ಕದ ಮೇಜಿನಲ್ಲಿ ಹದಿನಾರು ವರ್ಷ ಉಜ್ಜಿದವನು. ಫೋಟೋ ದಾಟಿಸಿದ್ದೂ ಅವನೇ. ಸುಮ್ಮನೆ ತಮಾಷೆಗೆ, ಅಂದಿದ್ದ.

ಮುಂದಿನ ವಾರ ಹನ್ನೊಂದು ಜನ ಡಾಕ್ಟರಮ್ಮನ ಕೋಣೆಯ ಹೊರಗೆ ಸಾಲು ನಿಂತರು. ಬೋಗುಣಿಯ ತಣ್ಣೀರಿನಲ್ಲಿ ಐದು ನಿಮಿಷ ಕೈ ಅದ್ದಬೇಕಿತ್ತು. ಎರಡನೆಯವನು ಹೊರಬರುವವರೆಗೂ ಸಾಲಿನಲ್ಲಿ ನಗೆಚಾಟಿಕೆ ನಡೆದೇ ಇತ್ತು. ಮೂರನೆಯವನು ಬಂದ ಮೇಲೆ ನಿಂತಿತು. ಹನ್ನೊಂದರಲ್ಲಿ ಏಳು ಜನರ ಬೆರಳು ಬೆಳ್ಳಗಾಗಿದ್ದವು.

ಹೊಸ ಗ್ರೈಂಡರಿನ ಕಡತ ಇನ್ನೂ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಡೆಯುತ್ತಿದೆ. ಕಾಗದಕ್ಕೆ ಬೆರಳಿಲ್ಲ, ಹಾಗಾಗಿ ಅವಸರವೂ ಇಲ್ಲ.

ಪರೀಕ್ಷೆಯಾದ ದಿನ ಮಧ್ಯಾಹ್ನ ಕುಳ್ಳ ಸಾಮಾನಿನ ಕಿಟಕಿಗೆ ಬಂದ. ಕೈಗವಸು ಕೇಳಲು ಬಂದವನಂತೆ ನಿಂತ, ಕೇಳಲಿಲ್ಲ. ಎರಡೂ ಕೈ ಕಂಕುಳಲ್ಲಿದ್ದವು.

“ಅಣ್ಣಾ, ನಿಂಗೆ ಇದು ಯಾವಾಗ ಗೊತ್ತಾಯ್ತು?”

“ನಾಲ್ಕು ವರ್ಷ ಆಯ್ತು.”

ಕುಳ್ಳ ಮನಸ್ಸಿನಲ್ಲೇ ಲೆಕ್ಕ ಹಾಕಿದ. “ಆವಾಗ ನಂಗೆ ಏನೂ ಇರಲಿಲ್ಲ. ಆವಾಗ್ಲೇ ನೀನು ಬಾಯಿ ಬಿಟ್ಟಿದ್ರೆ...” ಅಂದವನು ಮುಗಿಸಲಿಲ್ಲ.

ಸಾಣೆಯಣ್ಣ ಕಿಟಕಿಯ ಕಟ್ಟೆಯ ಮೇಲೆ ತನ್ನ ಕೈಗಳನ್ನಿಟ್ಟ.

“ಹೌದು ಕಣೋ,” ಅಂದ. “ಬಾಯಿ ಬಿಡಲಿಲ್ಲ.”