ಹೂವು ಮುಡಿದ ದೋಣಿಯ ತಪಾಸಣೆ

ನಾನು ನಿಂತಿದ್ದದ್ದು ಕೆರೆ ಏರಿಯ ಮೇಲೆ, ತೂಬಿನ ಕಲ್ಲಿಗೆ ಕೈಯೂರಿ, ಪಕ್ಕದಲ್ಲಿ ನನ್ನ ಅಕ್ಕ. ದಸರೆ ಕಳೆದ ಮೇಲಿನ ಭಾನುವಾರ. ಕಾಮಸಮುದ್ರದ ಕಡೆಯ ಬೆಳಗಿನ ಬಸ್ಸು ಆಗತಾನೇ ಬಂಗಾರಪೇಟೆಯತ್ತ ಹೋಗಿತ್ತು. ನನಗೂ ನೀರಿಗೂ ನಡುವೆ ಒಂದು ಹಸು, ಅದರ ಹಗ್ಗ ಹಿಡಿದ ಒಬ್ಬ ಅಜ್ಜಿ, ಅಷ್ಟೇ. ಇದನ್ನೆಲ್ಲ ಬಿಡಿಸಿ ಹೇಳಲು ಕಾರಣವಿದೆ. ಅಂದು ನಡೆದದ್ದನ್ನು ನಮ್ಮ ಭಾವ ಊರೆಲ್ಲ ಬೇರೆ ರೀತಿ ಹೇಳುತ್ತಿದ್ದಾರೆ.

ಭಾವ, ಅಂದರೆ ನನ್ನ ಅಕ್ಕನ ಗಂಡ, ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ವೆಲ್ಡರ್. ಕೆರೆ ತುಂಬಿದ ವರ್ಷ ನಾಲ್ಕು ನೀಲಿ ಡ್ರಮ್ಮುಗಳನ್ನು ಅಡ್ಡ ಮಲಗಿಸಿ, ಕಬ್ಬಿಣದ ಚೌಕಟ್ಟು ಬೆಸೆದು, ಮೇಲೆ ಹಳೆಯ ಮಂಚದ ಹಲಗೆ ಹೊಡೆದು ದೋಣಿ ಮಾಡಿದರು. ಭಾನುವಾರವೆಲ್ಲ ಅದರ ಮೇಲೆ ಕೂತು ಗಾಳ ಹಾಕುವುದು. ಮೀನು ಸಿಕ್ಕರೂ ಸರಿ, ಸಿಗದಿದ್ದರೂ ಸರಿ. ಅವರಿಗೆ ಈಜು ಬಾರದು. ಕೇಳಿದರೆ, "ಈಜು ಬರೋರಿಗೆ ದೋಣಿ ಯಾಕ್ಲಾ?" ಎನ್ನುತ್ತಿದ್ದರು.

ಆ ಭಾನುವಾರ ಅಗ್ನಿಶಾಮಕದ ಸಾಹೇಬರು ಇಬ್ಬರು ಸಿಬ್ಬಂದಿಯೊಂದಿಗೆ ದೋಣಿಗಳ ತಪಾಸಣೆಗೆ ಬಂದರು. ದೋಣಿಯಲ್ಲಿ ಕೂರುವ ಪ್ರತಿಯೊಬ್ಬನಿಗೂ ತೇಲುವ ಜಾಕೆಟ್ ಇರಬೇಕು. ಇಲ್ಲದಿದ್ದರೆ ದೋಣಿಯನ್ನು ಟ್ರ್ಯಾಕ್ಟರಿಗೆ ಹೇರಿ ಒಯ್ಯುತ್ತಾರೆ. ಕೆರೆಯಲ್ಲಿದ್ದದ್ದು ಮೂರು ದೋಣಿ, ಎರಡು ಜಾಕೆಟ್. ಪೊಲೀಸರನ್ನು ಕಂಡಾಗ ಹೆಲ್ಮೆಟ್ ಕೈ ಬದಲಾಗುವಂತೆ, ಇಲ್ಲಿ ಜಾಕೆಟ್ಟು ಜೊಂಡಿನ ಹಿಂದೆ ಕೈ ಬದಲಾಗುವುದು ಎಂದು ದೋಣಿಯವರ ನಡುವೆ ಮಾತಾಯಿತು. ಬೇಗ ಬಿಚ್ಚಿ ಕೊಡಬೇಕಲ್ಲ, ಆದ್ದರಿಂದ ಬಕಲ್ ಹಾಕದೆ ಸುಮ್ಮನೆ ಹೆಗಲಿಗೆ ಹಾಕಿಕೊಳ್ಳುವುದು ಎಂದೂ ಆಯಿತು.

ಮೊದಲ ದೋಣಿ ಪಾಸಾಯಿತು, ಅದರ ಜಾಕೆಟ್ಟು ಜೊಂಡಿನ ಹಿಂದಿನಿಂದ ಭಾವನ ಕೈಗೆ ಬಂತು. ಎರಡನೆಯದೂ ಪಾಸಾಯಿತು. ಮೂರನೆಯದು ಭಾವನದು, ದಡದಲ್ಲೇ ಸಿಂಗರಿಸಿಕೊಂಡು ನಿಂತಿತ್ತು. ಸಾಹೇಬರು ಬರುತ್ತಾರೆಂದು ಭಾವ ಹಿಂದಿನ ದಿನವೇ ಅದನ್ನು ಆಯುಧಪೂಜೆಗೆ ತೊಳೆದಂತೆ ಒಳಗೂ ಹೊರಗೂ ತೊಳೆದಿದ್ದರು. ಕುಂಕುಮ, ವಿಭೂತಿ, ನಾಲ್ಕು ಡ್ರಮ್ಮುಗಳ ಬಾಯಿಗೂ ದಪ್ಪ ಚೆಂಡುಹೂವಿನ ಹಾರ.

ಸಾಹೇಬರು ಭಾವನ ಮೈಮೇಲಿದ್ದ ಜಾಕೆಟ್ಟನ್ನು ಎರಡು ಬೆರಳಲ್ಲಿ ಮುಟ್ಟಿದರು.

"ಏನ್ರೀ, ಇನ್ನೂ ನೀರಿಗೇ ಇಳಿದಿಲ್ಲ, ಜಾಕೆಟ್ ಆಗಲೇ ನೆಂದಿದೆ?"

"ಬೆವರು ಸಾರ್. ನಿಮ್ಮನ್ನ ನೋಡಿ."

"ಬೆವರಿಗೆ ಮೀನಿನ ಪೊರೆ ಅಂಟ್ಕೊಂಡಿದೆಯಲ್ರೀ?"

ಅಜ್ಜಿ ಹಸುವಿಗೆ ಹೇಳುವಂತೆ, "ಸಿಕ್ಕಾಕ್ಕೊಂಡ ಕಣೇ" ಎಂದಳು. ದೋಣಿ ಹೋಯಿತು ಎಂದುಕೊಂಡೆ. ಭಾವನ ಮುಖದಲ್ಲೂ ಅದೇ ಇತ್ತು. ಆದರೆ ಸಾಹೇಬರು, "ನಡೀರಿ, ನಾನೂ ಕೂತು ನೋಡ್ತೀನಿ" ಎಂದು ಎರಡನೆಯ ದೋಣಿಯವನ ಜಾಕೆಟ್ಟನ್ನು ಇಸಿದುಕೊಂಡು ತಾವೇ ತೊಟ್ಟರು.

ಇಲ್ಲಿ ನಾನು ಕಂಡದ್ದನ್ನು ನಿಧಾನವಾಗಿ ಹೇಳುತ್ತೇನೆ. ಭಾವ ಹಾಗೆಯೇ ಹಲಗೆ ಹತ್ತಿದರು. ಜಾಕೆಟ್ಟಿನ ಪಟ್ಟಿಗಳು ಎರಡೂ ಕಡೆ ನೇತಾಡುತ್ತಿದ್ದವು. ಸಾಹೇಬರು ಅವರನ್ನು ಭುಜ ಹಿಡಿದು ತಿರುಗಿಸಿ, "ಅಲ್ಲಾಡಬೇಡಿ, ಮದುವೆ ಹೆಣ್ಣಿನ ಥರ ನಿಂತ್ಕೊಳ್ಳಿ" ಎನ್ನುತ್ತಾ ಬಕಲ್ ಹಾಕಿದರು. ಟಕ್ ಎಂಬ ಸದ್ದು ಏರಿಯವರೆಗೂ ಕೇಳಿಸಿತು. ಹಾಕಿದ ಕೈ ಸಾಹೇಬರದು.

ದೋಣಿ ದಡ ಬಿಟ್ಟು ಆಳಕ್ಕೆ ಹೋಯಿತು. ಸಾಹೇಬರು ಒಳ್ಳೆಯ ಮೈಕಟ್ಟಿನವರು. ಅವರು ಕೂತ ಮಗ್ಗುಲು ತಗ್ಗಿತು, ಹಾರಗಳು ನೀರಿಗೆ ತಾಗಿದವು. ಆಮೇಲೆ ಆ ಹಾರಗಳು ಒಳಕ್ಕೆ ಹೋಗತೊಡಗಿದವು. ಹೂವು ಡ್ರಮ್ಮಿನೊಳಕ್ಕೆ ಹೇಗೆ ಹೋಗುತ್ತದೆ ಎಂದು ನಾನು ಯೋಚಿಸುತ್ತಿರುವಾಗಲೇ ಪಕ್ಕದಲ್ಲಿದ್ದ ಅಕ್ಕ ಕಿರುಚಿದಳು.

"ಏನೂಂದ್ರೆ! ಮುಚ್ಚಳ ಎಲ್ಲಿ ಮಡಗಿದ್ರಿ?"

ತೊಳೆದ ಡ್ರಮ್ಮು ಒಳಗೆ ಒಣಗಲಿ ಎಂದು ಬಿಚ್ಚಿದ ಮುಚ್ಚಳಗಳು ಮನೆಯ ಜಗುಲಿಯ ಮೇಲಿದ್ದವು. ತೆರೆದ ಬಾಯಿಗೇ ಭಾವ ಹಾರ ಹಾಕಿದ್ದರು.

ದೋಣಿ ಒಂದು ಕಡೆಗೆ ವಾಲಿ ಇಬ್ಬರನ್ನೂ ಕೆಳಗೆ ಜಾರಿಸಿತು. ಭಾವನ ತಲೆ ಮುಳುಗಿತು. ನನ್ನ ಕಾಲುಗಳು ಏರಿಗೆ ಅಂಟಿಕೊಂಡಿದ್ದವು. ಆಮೇಲೆ ತಲೆ ಮೇಲೆ ಬಂತು, ಕಿವಿಯ ಮೇಲೊಂದು ಚೆಂಡುಹೂವು ಸಮೇತ. ಪಟ್ಟಿ ಬಿಗಿಯಾಗಿದ್ದುದರಿಂದ ಜಾಕೆಟ್ಟು ಅವರನ್ನು ಬಿಡಲಿಲ್ಲ.

"ನನ್ ದೋಣಿ! ನನ್ ದೋಣಿ ಓಯ್ತು ಸಾರ್!"

"ನೀವು ಹೋಗಿಲ್ವಲ್ಲ, ಸುಮ್ನೆ ತೇಲ್ರೀ!" ಎಂದು ಪಕ್ಕದಲ್ಲೇ ತೇಲುತ್ತಿದ್ದ ಸಾಹೇಬರು ಗದರಿದರು. ಸಿಬ್ಬಂದಿ ಹಗ್ಗ ಎಸೆದು ಇಬ್ಬರನ್ನೂ ಎಳೆದರು. ಆಮೇಲೆ ಅದೇ ಹಗ್ಗದಲ್ಲಿ ದೋಣಿಯನ್ನೂ ಎಳೆದು ಹಾಕಿದರು. ಟ್ರ್ಯಾಕ್ಟರ್ ಬರಲಿಲ್ಲ. ಮುಚ್ಚಳ ಹಾಕಿ, ಸ್ವಂತದ ಎರಡು ಜಾಕೆಟ್ ತಂದು ತೋರಿಸುವವರೆಗೆ ದೋಣಿ ದಡದಲ್ಲೇ ಇರಬೇಕು ಎಂದು ಸಾಹೇಬರು ಪ್ಯಾಂಟು ಹಿಂಡುತ್ತಾ ಹೇಳಿದರು.

ಈಗ ದೋಣಿಗೆ ಮುಚ್ಚಳವಿದೆ, ಎರಡು ಜಾಕೆಟ್ಟೂ ಇವೆ. ಬಕಲ್ ಮಾತ್ರ ತಾವೇ ಹಾಕಿಕೊಂಡದ್ದು ಎಂದು ಭಾವ ಹೇಳುತ್ತಾರೆ. ಅಲ್ಲ. ಇದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ: ನನ್ನ ಅಕ್ಕ, ಬೇರೆ ಊರಿಗೆ ವರ್ಗವಾಗಿರುವ ಸಾಹೇಬರು, ಅವರ ಇಬ್ಬರು ಸಿಬ್ಬಂದಿ, ಈಗಲೂ ಅಲ್ಲೇ ಹಸು ಮೇಯಿಸುವ ಅಜ್ಜಿ. ಮತ್ತೆ, ಆ ಬಕಲ್ ಹಾಕಿದ ಕೈ ಯಾರದೇ ಆಗಿರಲಿ, ಅದರಿಂದಲೇ ಭಾವನೂ ಇದ್ದಾರೆ.