ಅತ್ತರ ಮಶಾಕಸಾಬನ ಮೂಗು

ಸಾಯುವ ಹಿಂದಿನ ದಿನವೂ ಅತ್ತರ ಮಾರುವ ಮಶಾಕಸಾಬ ಸಿಂದಗಿ ಸಂತೆಯಲ್ಲಿ, ಬೇಡ ಅನ್ನುವ ಮೊದಲೇ ಮಂದಿಯ ಮುಂಗೈಗೆ ಗಂಧದೆಣ್ಣೆ ಹಚ್ಚಿಬಿಟ್ಟಿದ್ದ. ತಲೆನೋವಿಗೆ ಗಂಧ, ಸಿಟ್ಟಿಗೆ ಗಂಧ, ನಿದ್ದೆ ಬಾರದವರಿಗೂ ಗಂಧವೇ ಅವನ ಮದ್ದು. "ಅತ್ತಿ ಸೊಸಿ ಜಗಳಕ್ಕೂ ನಡೀತೈತೇನೋ ಸಾಬಾ?" ಎಂದು ಬಳೆ ಮಾರುವ ರಾಮವ್ವ ಕೆಣಕಿದರೆ, "ಅತ್ತಿ ಹಣಿಗೆ ಹಚ್ಚು, ಸೊಸಿ ಕಿವ್ಯಾಗ ಅತ್ತರಿನ ಹತ್ತಿ ಅರಳಿ ಇಡು ಯವ್ವಾ, ಬೈದದ್ದು ಕೇಳೂದೇ ಇಲ್ಲ" ಅನ್ನುತ್ತಿದ್ದ. ಹಚ್ಚಿದ ಮೇಲೆ ಗಿರಾಕಿಯ ಮುಖವನ್ನೇ ನೋಡುತ್ತಿದ್ದ. ಹುಬ್ಬಿನ ಗಂಟು ಸಡಿಲಾದ ಕೂಡಲೇ "ಗಂಧ ಅಂದ್ರ ಇದು ನೋಡ್ರಿ" ಎಂದು ನಗುತ್ತಿದ್ದ. ಸಂತೆಗೆಲ್ಲ ಅವನ ಮೂಗಿನ ಮೇಲೆ ನಂಬಿಕೆ. ಆದರೆ ಕೊರೋನಾ ವರ್ಷದ ಜ್ವರ ಬಿಟ್ಟಾಗಿನಿಂದ ಆ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಅದು ಹೆಂಡತಿ ಹುಸೇನಬಿಗೆ ಮಾತ್ರ ಗೊತ್ತು. ಹೊರಗೆ ತಿಳಿದರೆ ಅಜ್ಜನ ಕಾಲದ ಹೆಸರು ಹೋಗುತ್ತದೆಂದು ಇಬ್ಬರೂ ಬಾಯಿ ಬಿಡಲಿಲ್ಲ. ದಿನಾ ಬೆಳಿಗ್ಗೆ ಅವನು ಒಂದೊಂದೇ ಕುಪ್ಪಿ ಅವಳ ಮೂಗಿಗೆ ಹಿಡಿದು, ಅವಳ ಮುಖ ನೋಡುತ್ತ "ವಾಸನಿ ಐತೇನು?" ಎಂದು ಕೇಳುತ್ತಿದ್ದ. ಕೆಟ್ಟ ಎಣ್ಣೆ ಅತ್ತರಿನ ಪೆಟ್ಟಿಗೆ ಸೇರಲು ಅವಳು ಒಂದು ದಿನವೂ ಬಿಡಲಿಲ್ಲ. ಪೆಟ್ಟಿಗೆ ಈಗ ಸಂತೆಗೆ ಹೋಗುವುದಿಲ್ಲ. ಆದರೂ ಚಹಾ ಇಡುವ ಮೊದಲು ಹುಸೇನಬಿ ಗಂಧದ ಕುಪ್ಪಿಯ ಬಿರಡೆ ತೆಗೆದು ಮೂಸುತ್ತಾಳೆ. "ಐತ್ರಿ" ಎಂದು ಹೇಳಿ, ಬಿರಡೆ ಹಾಕುತ್ತಾಳೆ.